ಕಛ್‌ನಿಂದ ಮಾವ ತಂದ ಕಲ್ಲು ತಿಮಿಂಗಿಲದ ಮೂಳೆಯಾ? ನೋಡಿ ಹೇಳಿ

ತೋಟದಮನೆ_ಟೀಚರ್ (ಸೋಮವಾರಪೇಟೆ):

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಸೋದರಮಾವ ಸೈನ್ಯದಲ್ಲಿದ್ದವರು, ಈಗ 84 ವರ್ಷ. ಹೋದ ವಾರ ಅಟ್ಟ ಗುಡಿಸುವಾಗ ಅವರ ಹಳೇ ಟ್ರಂಕಿನಲ್ಲಿ ಖಾಕಿ ಬಟ್ಟೆ ಸುತ್ತಿದ ಒಂದು ಕಲ್ಲು ಸಿಕ್ಕಿತು. ಕೇಳಿದರೆ "ಅದು ಕಛ್‌ನಲ್ಲಿ ಡ್ಯೂಟಿ ಇದ್ದಾಗ ತಂದದ್ದು ಮಗಾ, ದೊಡ್ಡ ಮೀನಿನ ಮೂಳೆ ಅಂತ ಅಲ್ಲಿನ ಕುರಿ ಕಾಯುವವನು ಹೇಳಿದ" ಅಂದರು.

ಉದ್ದ ಒಂದು ಗೇಣಿಗೆ ಸ್ವಲ್ಪ ಕಡಿಮೆ. ನೇಂದ್ರ ಬಾಳೆಹಣ್ಣಿನ ಹಾಗೆ ಬಾಗಿದೆ. ಬಣ್ಣ ಹಳೇ ಬೆಲ್ಲದ್ದು. ಗಾತ್ರ ನೋಡಿ ಎತ್ತಿದರೆ ಕೈ ಕೆಳಗೆ ಹೋಗುತ್ತದೆ, ಅಷ್ಟು ಭಾರ. ಮೆಣಸು ತೂಗುವ ತಕ್ಕಡಿಯಲ್ಲಿ ಹಾಕಿದೆ, ಅರ್ಧ ಕೆಜಿ ಹತ್ತಿರ ಇದೆ. ಒಂದು ತುದಿ ಮುರಿದಿದೆ. ಇನ್ನೊಂದು ತುದಿಯಲ್ಲಿ ಹಳದಿ ಮಣ್ಣು ಗಟ್ಟಿಯಾಗಿ ಅಂಟಿಕೊಂಡಿದೆ, ಅದರಲ್ಲಿ ಸಣ್ಣ ಸಣ್ಣ ಬಿಲ್ಲೆಗಳಿವೆ, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡವು. ಅತ್ತೆ ಅದನ್ನು ಬ್ರಷ್ ಹಾಕಿ ತೊಳೆಯೋಕೆ ಹೊರಟಿದ್ದರು, ನಾನೇ ತಡೆದೆ.

ಇದು ನಿಜವಾಗಿ ತಿಮಿಂಗಿಲದ ಪಳೆಯುಳಿಕೆಯಾ? ಗೊತ್ತು ಮಾಡಿಕೊಳ್ಳೋದು ಹೇಗೆ? ಇನ್ನೊಂದು ವಿಷಯ. ನನ್ನ ಮಕ್ಕಳಲ್ಲಿ ಅರ್ಧದಷ್ಟು ಜನ ಸಮುದ್ರವನ್ನೇ ನೋಡಿಲ್ಲ. ಅವರ ಕೈಗೆ ಇದನ್ನು ಕೊಡಬೇಕು ಅಂತ ಆಸೆ. ಆದರೆ 40 ಮಕ್ಕಳ ಕೈ ಸುತ್ತಿ ಬಂದರೆ ಉಳಿಯುತ್ತಾ ಅನ್ನೋ ಭಯವೂ ಇದೆ. ಬೇರೆ ಶಾಲೆಯವರಿಗೂ ತೋರಿಸಬೇಕು. ದಾರಿ ಹೇಳಿ.

ಕಲ್ಲುಬಂಡೆ (ಮಡಿಕೇರಿ):

ಮೇಡಂ, ಮಾವ ಅದನ್ನು ಕೊಡಗಿನಲ್ಲಿ ಹೆಕ್ಕಿದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ನಮ್ಮ ಕಾಲಡಿಯ ಬಂಡೆ ಮುನ್ನೂರು ಕೋಟಿ ವರ್ಷ ದಾಟಿದ್ದು. ಭೂಮಿ ಒಳಗೆ ಬೆಂದು, ಮಡಚಿ, ಮತ್ತೆ ಮೇಲೆ ಬಂದದ್ದು. ಆಗ ಮೂಳೆ ಇರುವ ಪ್ರಾಣಿ ಅನ್ನೋದೇ ಇರಲಿಲ್ಲ. ಇಲ್ಲಿ ಎಷ್ಟು ಅಗೆದರೂ ತಿಮಿಂಗಿಲ ಸಿಗಲ್ಲ.

ಕಛ್ ಅಂದರೆ ಬೇರೆಯೇ ಕಥೆ. ನಾಲ್ಕು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿ ಬೆಚ್ಚಗಿನ, ಆಳ ಇಲ್ಲದ ಸಮುದ್ರ ಇತ್ತು. ಪಶ್ಚಿಮ ಕಛ್‌ನ ಹರೂಡಿ ಅನ್ನೋ ಊರಿನ ಸುತ್ತ ಜೇಡಿಮಣ್ಣಿನ ಪದರಗಳಲ್ಲಿ ಹಳೇ ಕಾಲದ ತಿಮಿಂಗಿಲಗಳ ಮೂಳೆ ಸಿಕ್ಕಿವೆ. 1970ರ ದಶಕದಲ್ಲಿ ಪಳೆಯುಳಿಕೆ ವಿಜ್ಞಾನಿ ಅಶೋಕ್ ಸಾಹ್ನಿ ಅವರು ಮತ್ತೆ ಜೊತೆಗಾರರು ಅಲ್ಲಿಂದ ಬರೆದರು. ಆಮೇಲೆ ಸುನಿಲ್ ಬಾಜಪೇಯಿ ಮತ್ತು ಹಾನ್ಸ್ ಥೆವಿಸನ್ 2000ದಲ್ಲಿ ಕಛಿಸೀಟಸ್ ಅಂತ ಒಂದಕ್ಕೆ ಹೆಸರಿಟ್ಟರು. ಅದು ತಿಮಿಂಗಿಲವೇ, ಆದರೆ ಕಾಲಿತ್ತು, ಬಾಲ ಉದ್ದ, ನೋಡೋಕೆ ನಮ್ಮ ಹೊಳೆಯ ನೀರುನಾಯಿ ಥರ ಇದ್ದಿರಬೇಕು. ನಾನು ಮಕ್ಕಳಿಗೆ ಕಾವೇರಿಯ ನೀರುನಾಯಿ ತೋರಿಸಿಯೇ ಇದನ್ನು ಹೇಳೋದು, ತಕ್ಷಣ ಹಿಡಿಯುತ್ತಾರೆ.

ಬಿಲ್ಲೆಗಳು ಅಂದಿರಲ್ಲ, ಅವನ್ನು ಮುಟ್ಟಬೇಡಿ! ಅವು ನ್ಯುಮುಲೈಟ್ ಇರಬೇಕು. ಒಂದೇ ಜೀವಕೋಶದ ಸಮುದ್ರಜೀವಿಯ ಚಿಪ್ಪು. ಚಪ್ಪಟೆಯಾಗಿ ಎರಡು ಬಿಲ್ಲೆಯಾಗಿ ಸೀಳಿದ್ದು ಸಿಕ್ಕರೆ ಲೆನ್ಸ್ ಇಟ್ಟು ನೋಡಿ, ಒಳಗೆ ಜಿಲೇಬಿ ಸುತ್ತಿದ ಹಾಗೆ ಸಣ್ಣ ಸಣ್ಣ ಕೋಣೆಗಳು ಕಾಣುತ್ತವೆ. ಯಾವ ಜಾತಿಯ ಬಿಲ್ಲೆ ಅಂತ ನೋಡಿ ಪದರದ ವಯಸ್ಸು ಹೇಳುತ್ತಾರೆ. ನಿಮ್ಮ ಅತ್ತೆ ಬ್ರಷ್ ಹಾಕಿದ್ದರೆ ಮೂಳೆ ಉಳಿಯುತ್ತಿತ್ತು, ಅದರ ಜಾತಕ ಹೋಗುತ್ತಿತ್ತು.

ಮೂಳೆಶಾಸ್ತ್ರ:

ಒಂದು ಪ್ರಶ್ನೆ ಟೀಚರ್. ಮುರಿದ ತುದಿಯಲ್ಲಿ ಏನು ಕಾಣುತ್ತದೆ? ನಡುವೆ ತೂತು ಅಥವಾ ಸ್ಪಂಜಿನ ಥರ ಇದೆಯಾ, ಇಲ್ಲ ಪೂರ್ತಿ ಗಟ್ಟಿಯಾ?

ತೋಟದಮನೆ_ಟೀಚರ್:

ಈಗಷ್ಟೇ ಟಾರ್ಚ್ ಹಾಕಿ ನೋಡಿದೆ. ತೂತಿಲ್ಲ. ಪೂರ್ತಿ ಗಟ್ಟಿ, ದಂತ ಕೊಯ್ದ ಹಾಗೆ ನುಣ್ಣಗಿದೆ. ಅಡ್ಡಕ್ಕೆ ನೋಡಿದರೆ ಹೆಚ್ಚುಕಡಿಮೆ ದುಂಡು.

ಮೂಳೆಶಾಸ್ತ್ರ:

ಹಾಗಾದರೆ ನಿಮಗೆ ಬೇಜಾರಾಗದಿದ್ದರೆ ಒಂದು ಮಾತು. ಇದು ತಿಮಿಂಗಿಲದ್ದಲ್ಲ, ಕಡಲಹಸುವಿನ ಪಕ್ಕೆಲುಬು ಅಂತ ನನಗೆ ಅನಿಸುತ್ತದೆ. ಬಾಳೆಹಣ್ಣಿನ ಆಕಾರ, ದುಂಡು, ಒಳಗೆ ಟೊಳ್ಳಿಲ್ಲ, ಕೈ ಜಗ್ಗುವಷ್ಟು ಭಾರ, ನಾಲ್ಕೂ ಅದಕ್ಕೇ ಹೊಂದುತ್ತವೆ. ಕಡಲಹಸು ನೀರಿನ ಅಡಿಯ ಹುಲ್ಲು ಮೇಯುವ ಪ್ರಾಣಿ. ಮೈ ಮೇಲಕ್ಕೆ ತೇಲಿಬಿಟ್ಟರೆ ಮೇಯೋದು ಹೇಗೆ? ಅದಕ್ಕೆ ಪಕ್ಕೆಲುಬೇ ತೂಕದ ಕಲ್ಲು. ಬಲೆಗೆ ಸೀಸದ ಗುಂಡು ಕಟ್ಟುತ್ತಾರಲ್ಲ, ಹಾಗೆ. ಅಷ್ಟು ಗಟ್ಟಿ ಇರೋದರಿಂದ ಬೇರೆ ಮೂಳೆ ಪುಡಿಯಾದರೂ ಇದು ಉಳಿಯುತ್ತದೆ. ಕಛ್‌ನ ಇದೇ ಕಾಲದ ಪದರಗಳಲ್ಲಿ ಕಡಲಹಸುಗಳೂ ಸಿಕ್ಕಿವೆ. ಕೊನೆ ಮಾತು ಕೈಯಲ್ಲಿ ಹಿಡಿದು ನೋಡಿದ ತಜ್ಞರದ್ದೇ.

ಇದರಲ್ಲಿ ಕೊಡಗಿನ ಮಕ್ಕಳಿಗೆ ತಿಮಿಂಗಿಲಕ್ಕಿಂತ ಜಾಸ್ತಿ ಇದೆ ಅಂತ ನನ್ನ ಅನಿಸಿಕೆ. ಕಡಲಹಸುವಿಗೆ ಹತ್ತಿರದ ನೆಂಟ ಯಾರು ಗೊತ್ತಾ? ನಿಮ್ಮ ತೋಟಕ್ಕೆ ಹಲಸಿನ ಕಾಲದಲ್ಲಿ ಬರುವ ಆನೆ! ಈಗ ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲದ ಹತ್ತಿರದ ನೆಂಟ ನೀರಾನೆ, ಹೆಸರಲ್ಲಿ ಆನೆ ಇದ್ದರೂ ಅದು ಆನೆಯ ಕಡೆಯದ್ದಲ್ಲ. ದುಬಾರೆಗೆ ಹೋದಾಗ ಹೆಣ್ಣಾನೆಯನ್ನು ಗಮನಿಸೋಕೆ ಹೇಳಿ. ಮೊಲೆ ಹಸುವಿನ ಹಾಗೆ ಹಿಂಗಾಲ ಹತ್ತಿರ ಇಲ್ಲ, ಮುಂಗಾಲ ನಡುವೆ ಎದೆಯಲ್ಲಿದೆ. ಕಡಲಹಸುವಿಗೂ ಮೊಲೆ ಮುಂದೆಯೇ, ಈಜುರೆಕ್ಕೆಯ ಬುಡದಲ್ಲಿ. ಇಂಥದ್ದು ಪುಸ್ತಕದ ಚಿತ್ರದಲ್ಲಿ ಬರಲ್ಲ. ಮತ್ತೆ ಕಡಲಹಸು ಮುಗಿದುಹೋದ ಕಥೆಯೂ ಅಲ್ಲ. ಕಛ್ ಕೊಲ್ಲಿಯಲ್ಲಿ, ತಮಿಳುನಾಡಿನ ಪಾಕ್ ಕೊಲ್ಲಿಯಲ್ಲಿ, ಅಂಡಮಾನ್‌ನಲ್ಲಿ ಈಗಲೂ ಇವೆ, ತುಂಬಾ ಕಡಿಮೆಯಾಗಿವೆ ಅಷ್ಟೇ. ತಮಿಳುನಾಡು 2022ರಲ್ಲಿ ಅವಕ್ಕಾಗಿಯೇ ಸಂರಕ್ಷಿತ ಪ್ರದೇಶ ಘೋಷಿಸಿತು.

ಕ್ಯಾಮೆರಾ_ವಿರಾಜಪೇಟೆ:

ಮಕ್ಕಳ ಕೈಗೆ ಕೊಡೋ ವಿಚಾರಕ್ಕೆ ಬರುತ್ತೇನೆ. ಮೂಲವನ್ನು ಕೊಡಬೇಡಿ. ಅದರ ನಕಲು ಕೊಡಿ. ಒಳ್ಳೆ ಮೊಬೈಲ್ ಇದ್ದರೆ ಸಾಕು. ಸ್ಟೂಲಿನ ಮೇಲೆ ಕಲ್ಲು ಇಟ್ಟು, ಸುತ್ತ ನಡೆದು, ಒಂದು ಫೋಟೋ ಇನ್ನೊಂದರ ಮೇಲೆ ಮುಕ್ಕಾಲು ಭಾಗ ಬರುವ ಹಾಗೆ 70, 80 ಫೋಟೋ ತೆಗೆಯಿರಿ. ಕೆಳಗಿನ ಸುತ್ತು, ನಡುವಿನ ಸುತ್ತು, ಮೇಲಿನ ಸುತ್ತು. ಆಮೇಲೆ ತಿರುಗಿಸಿ ಹೊಟ್ಟೆಯ ಕಡೆ ಮತ್ತೆ ಅಷ್ಟೇ. ಪಕ್ಕದಲ್ಲಿ ಸ್ಕೇಲ್ ಇಡೋದು ಮರೆಯಬೇಡಿ, ಸ್ಕೇಲ್ ಇಲ್ಲದ ಮಾದರಿಯಲ್ಲಿ ಪಕ್ಕೆಲುಬು ಬೆರಳಷ್ಟಾ ಕಂಬದಷ್ಟಾ ಗೊತ್ತಾಗಲ್ಲ. ಮೆಶ್‌ರೂಮ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದು ಫೋಟೋಗಳನ್ನು ಹೊಲಿದು ಮೂರು ಆಯಾಮದ ಮಾದರಿ ಮಾಡುತ್ತದೆ. ಬಿಸಿಲಲ್ಲಿ ತೆಗೆಯಬೇಡಿ, ನೆರಳು ಕೆಡಿಸುತ್ತದೆ. ನಮ್ಮೂರ ಮಂಜು ಮುಸುಕಿದ ಬೆಳಗಿನಷ್ಟು ಒಳ್ಳೆ ಬೆಳಕು ಸ್ಟುಡಿಯೋದಲ್ಲೂ ಸಿಗಲ್ಲ.

ಇದು ಸುಮ್ನೆ ಆಟ ಅಲ್ಲ. ಚಿಲಿ ದೇಶದಲ್ಲಿ 2010ರಲ್ಲಿ ಹೆದ್ದಾರಿ ಅಗಲ ಮಾಡುವಾಗ 40ಕ್ಕೂ ಹೆಚ್ಚು ತಿಮಿಂಗಿಲಗಳ ಅಸ್ಥಿಪಂಜರ ಒಂದೇ ಕಡೆ ಎದ್ದವು. ರಸ್ತೆ ಕೆಲಸ ಕಾಯಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನವರು ಬಂದು ಮೂಳೆ ಇದ್ದ ಹಾಗೇ ಸ್ಕ್ಯಾನ್ ಮಾಡಿ ಆಮೇಲೆ ಎತ್ತಲು ಬಿಟ್ಟರು. ಆ ಮಾದರಿಗಳನ್ನು ಸೋಮವಾರಪೇಟೆಯ ಮಕ್ಕಳೂ ಈಗ ತಿರುಗಿಸಿ ನೋಡಬಹುದು.

ಕಲ್ಲುಬಂಡೆ (ಮಡಿಕೇರಿ):

ಮಾದರಿ ಚೆನ್ನ. ಆದರೆ ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡಿ ಮೇಡಂ, ನಾಳೆಗೆ ಹಾಕಬೇಡಿ. ಮಾವನ ಹತ್ತಿರ ಕೂತು ಎಲ್ಲಿ ಹೆಕ್ಕಿದರು ಅಂತ ಬರೆದುಕೊಳ್ಳಿ. ಯಾವ ವರ್ಷ, ಯಾವ ಊರು, ಹಳ್ಳದಲ್ಲಾ ಗುಡ್ಡದ ಮೇಲಾ, ನೆಲದಲ್ಲಿ ಬಿದ್ದಿತ್ತಾ ಮಣ್ಣಿನಿಂದ ಕಿತ್ತರಾ. ಜಾಗ ಗೊತ್ತಿಲ್ಲದ ಮೂಳೆ ವಿಳಾಸ ಇಲ್ಲದ ಕಾಗದದ ಹಾಗೆ.

ಟ್ರಂಕಿನಲ್ಲಿ ಬಿದ್ದ ಕಲ್ಲು ಏನು ಮಾಡಬಹುದು ಅನ್ನೋದಕ್ಕೆ ನಮ್ಮ ದೇಶದ್ದೇ ಕಥೆ ಇದೆ. ಎ. ರಂಗರಾವ್ ಅನ್ನೋ ಭೂವಿಜ್ಞಾನಿ ಜಮ್ಮು-ಕಾಶ್ಮೀರದ ಕಾಲಾಕೋಟ್‌ನಿಂದ ಕಲ್ಲು ತಂದಿಟ್ಟಿದ್ದರು. ಅವರು ತೀರಿಹೋದ ಮೇಲೂ ಎಷ್ಟೋ ಕಲ್ಲು ಒಡೆಯದೆ ಉಳಿದಿದ್ದವು. ಅವರ ಪತ್ನಿ ಅವನ್ನು ಕಾಪಾಡಿ ಥೆವಿಸನ್ ಅವರಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಚಿಪ್ಪು ಕೈತಪ್ಪಿ ಮುರಿಯಿತು. ನೋಡಿದರೆ ಆ ಚಿಪ್ಪಿನ ಒಂದು ಬದಿ ಮಾತ್ರ ತುಂಬಾ ದಪ್ಪ. ಅಂಥ ಕಿವಿ ಇರೋದು ತಿಮಿಂಗಿಲಗಳಿಗೆ! ಪ್ರಾಣಿ ನೋಡಿದರೆ ನಮ್ಮ ಕಾಡಿನ ಬರಿಂಕ ಅನ್ನೋ ಪುಟ್ಟ ಜಿಂಕೆಯಂಥ ಪ್ರಾಣಿಯಷ್ಟು, ಸಣ್ಣ ಗೊರಸು, ಸಪೂರ ಕಾಲು. ಇಂಡೋಹಯಸ್ ಅಂತ ಅದರ ಹೆಸರು. ತಿಮಿಂಗಿಲಗಳ ನೆಲದ ಮೇಲಿನ ಅತಿ ಹತ್ತಿರದ ನೆಂಟ ಈಗ ಅಳಿದುಹೋಗಿರುವ ಇದೇ ಗುಂಪಿನದ್ದು ಅಂತ 2007ರಲ್ಲಿ ಪ್ರಕಟವಾಯಿತು. ಆ ತಾಯಿ ಕಲ್ಲುಗಳನ್ನು ಗುಜರಿಗೆ ಹಾಕಿದ್ದರೆ?

ಬರೆದ ಚೀಟಿಯ ಜೊತೆ ಫೋಟೋಗಳನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಗೋ ರೂರ್ಕಿ ಐಐಟಿಯ ಭೂವಿಜ್ಞಾನ ವಿಭಾಗಕ್ಕೋ ಕಳಿಸಿ. ಅವರು ಬೇಕು ಅಂದರೆ ಮೂಲವನ್ನು ಕೊಟ್ಟುಬಿಡಿ, ನಕಲು ನಿಮ್ಮ ಹತ್ತಿರ ಇರುತ್ತದಲ್ಲ. ಅಲ್ಲಿವರೆಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಜೇಡಿಮಣ್ಣಿನ ಮೂಳೆಯಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರೆ ನಮ್ಮ ಮಳೆಗಾಲದ ತೇವಕ್ಕೆ ಅದು ಬಿರಿದು ಬೂದಿಯಾಗುತ್ತದೆ. ವಾರ್ನಿಷ್ ಬೇಡವೇ ಬೇಡ.

ತೋಟದಮನೆ_ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಮಿಂಗಿಲ ಅಲ್ಲ ಅಂದಾಗ ಒಂದು ಕ್ಷಣ ಪಿಚ್ಚೆನಿಸಿತು, ಆನೆಯ ನೆಂಟ ಅಂದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಮಾವನ ಹತ್ತಿರ ಕೂತೆ. ಮೊದಲು "ಅದೆಲ್ಲ ಎಲ್ಲಿ ನೆನಪು" ಅಂದರು. ಮೊಬೈಲ್‌ನಲ್ಲಿ ಕಛ್‌ನ ಉಪಗ್ರಹ ಚಿತ್ರ ತೆಗೆದು ಲಖ್ಪತ್ ಕೋಟೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಹಳೇ ಕ್ಯಾಲೆಂಡರ್ ಹಿಂಬದಿಯಲ್ಲಿ ತಾವೇ ಗೆರೆ ಎಳೆದರು. ಕೋಟೆ ಇಲ್ಲಿ, ನಮ್ಮ ಕ್ಯಾಂಪ್ ಇಲ್ಲಿ, ನೀರು ತರುವ ದಾರಿಯಲ್ಲಿ ಒಣಗಿದ ಹಳ್ಳ ಇಲ್ಲಿ, ಹಳ್ಳದ ಬಲದಂಡೆಯ ಹಳದಿ ಮಣ್ಣಿನಿಂದ ಅರ್ಧ ಹೊರಗೆ ಚಾಚಿಕೊಂಡಿತ್ತು. ವರ್ಷ 1972, ಚಳಿಗಾಲ. ಕೊನೆಗೆ ಕೆಳಗೆ ಸಹಿ ಮಾಡಿ, ಪಕ್ಕದಲ್ಲಿ ತಮ್ಮ ರ‍್ಯಾಂಕ್ ಸಹ ಬರೆದರು.

ಶನಿವಾರ ಬೆಳಗ್ಗೆ ಮಂಜು ಇರುವಾಗಲೇ ಕಣದಲ್ಲಿ ಸ್ಟೂಲ್ ಹಾಕಿ ಫೋಟೋ ತೆಗೆಯುತ್ತೇನೆ. ವಿರಾಜಪೇಟೆಯ ಅಣ್ಣ, ಹೊಟ್ಟೆಯ ಕಡೆ ತಿರುಗಿಸುವಾಗ ಬಿಲ್ಲೆ ಇರುವ ಮಣ್ಣು ಉದುರದ ಹಾಗೆ ಅಡಿಗೆ ಏನು ಇಡಲಿ? ಮರಳು ತುಂಬಿದ ಬಟ್ಟೆ ಚೀಲ ಆಗುತ್ತಾ?

ಕ್ಯಾಮೆರಾ_ವಿರಾಜಪೇಟೆ:

ಆಗುತ್ತೆ. ಬಟ್ಟೆ ಕಪ್ಪು ಇರಲಿ. ಶನಿವಾರ ನಾನೂ ಬರುತ್ತೇನೆ, ಮಾವನನ್ನೂ ನೋಡಿದ ಹಾಗಾಯಿತು.