ಸಹಾಯ ಬೇಕು: ಅಪ್ಪನ ರಿಟರ್ನ್ ತುಂಬಲು ಕೂತರೆ ಕೈ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಅಪ್ಪ ನಿವೃತ್ತ ಮಾಸ್ತರು, ಜನವರಿಯಲ್ಲಿ ತೀರಿಕೊಂಡರು. ಈ ಸಲ ಅವರ ಆದಾಯ ತೆರಿಗೆ ರಿಟರ್ನ್ ನಾನೇ ತುಂಬಬೇಕು. ಜುಲೈ 31 ಹತ್ತಿರ ಬಂತು.

ಮೂರು ಸಲ ಕೂತೆ, ಮೂರು ಸಲವೂ ಎದ್ದು ಬಂದೆ. ಕಾಗದಪತ್ರವೆಲ್ಲ ಒಂದು ಕೈಚೀಲದಲ್ಲಿದೆ. ಪಾಸ್‌ಬುಕ್ಕಿಗೆ ರಬ್ಬರ್ ಬ್ಯಾಂಡ್. ಠೇವಣಿ ರಸೀದಿಗಳ ಹಿಂದೆ ಪೆನ್ಸಿಲ್‌ನಲ್ಲಿ ಬಡ್ಡಿ ಲೆಕ್ಕ. ಒಂದರ ಮೇಲೆ ‘ಸಣ್ಣಾಕಿ ಮದುವಿಗೆ’ ಅಂತ ಬರೆದಿದ್ದಾರೆ. ಆ ಸಣ್ಣಾಕಿ ನಾನೇ. ಅದನ್ನು ನೋಡಿದ ಮೇಲೆ ಮುಂದಿನ ಕಾಗದ ತೆಗೆಯಲು ಆಗಲಿಲ್ಲ. ಅವ್ವ ಆ ಚೀಲದ ಕಡೆ ನೋಡುವುದೂ ಇಲ್ಲ.

ಒಬ್ಬ ಏಜೆಂಟರ ಹತ್ತಿರ ಹೋಗಿದ್ದೆ. ‘ಸತ್ತವರ ಕೇಸಾ?’ ಅಂದರು. ಸುಮ್ನೆ ವಾಪಸ್ ಬಂದೆ.

ಮೊದಲು ಪೋರ್ಟಲ್‌ನಲ್ಲಿ ವಾರಸುದಾರಳಾಗಿ ನೋಂದಣಿ ಆಗಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸಾ ದಾಖಲೆ ಸಿದ್ಧ ಇವೆ. ತೀರಿಕೊಂಡ ದಿನದವರೆಗಿನ ಆದಾಯ ಅಪ್ಪನ ಹೆಸರಲ್ಲಿ ತೋರಿಸಬೇಕು ಅಂತಲೂ ಗೊತ್ತು. ಆದರೆ ಅವರು ತೀರಿಕೊಂಡ ಮೇಲೆ ಮಾರ್ಚ್‌ವರೆಗೆ ಬಂದ ಬಡ್ಡಿ ಬೇರೆ ಮಾಡುವಾಗ ತಪ್ಪಾದರೆ ಅಂತ ಭಯ. ಅಪ್ಪ ಒಂದು ವರ್ಷವೂ ತಾರೀಖು ಮೀರಿದವರಲ್ಲ.

ಇದನ್ನು ಮಾಡಿದ ಅಕ್ಕ-ಅಣ್ಣಂದಿರು ಇದ್ದರೆ ದಯವಿಟ್ಟು ತಿಳಿಸಿ. ವಾರಸುದಾರರ ನೋಂದಣಿಗೆ ಒಪ್ಪಿಗೆ ಸಿಗಲು ಎಷ್ಟು ದಿನ ಹಿಡಿಯಿತು? ಹುಬ್ಬಳ್ಳಿ ಅಥವಾ ಗದಗದಲ್ಲಿ ತಾಳ್ಮೆಯಿಂದ ಮಾತಾಡುವ ಸಿಎ ಯಾರಾದರೂ ಇದ್ದಾರಾ? ಮತ್ತೆ, ಆ ಅಕ್ಷರ ನೋಡುತ್ತಾ ನೀವು ಹೇಗೆ ಕೂತು ಮುಗಿಸಿದಿರಿ? ನನಗೆ ಇದೇ ಜಾಸ್ತಿ ಬೇಕಾಗಿದೆ.