ಆರ್‌ಪಿಸಿ ಕೈಗೆ ಬಂತು, ಮುಂದೇನು? ವಿಮಾನ ಬೋಧಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಆಸ್ಟ್ರೇಲಿಯಾದಲ್ಲಿರುವ ನಮ್ಮ ಹಾರಾಟಾಸಕ್ತ ಕನ್ನಡಿಗರ ಗುಂಪಿನಲ್ಲಿ ರಿಕ್ರಿಯೇಷನಲ್ ಪೈಲಟ್ ಸರ್ಟಿಫಿಕೇಟ್, ಅಂದರೆ ಆರ್‌ಪಿಸಿ, ಪಡೆದವರ ಸಂಖ್ಯೆ ಹೆಚ್ಚುತ್ತಿದೆ. ಮುಂದೇನು ಎಂಬ ಪ್ರಶ್ನೆಯೂ ಹೆಚ್ಚುತ್ತಿದೆ. ವಿಕ್ಟೋರಿಯಾದಲ್ಲಿ ಹಾರಾಟ ಕಲಿಸುವ ಬೋಧಕಿಯೊಬ್ಬರು ಈ ವಾರ ಉತ್ತರಿಸಲು ಒಪ್ಪಿದ್ದಾರೆ. ಹಳೆಯ ಉತ್ತರಗಳನ್ನು ಓದಿಕೊಂಡು ಕೇಳಿ. ಫಾರ್ವರ್ಡ್ ಮಾಡಿದ ಸಂದೇಶಗಳು ಬೇಡ.

ತುಂಗಾತೀರ: ಸರ್, ಕಳೆದ ತಿಂಗಳು ಆರ್‌ಪಿಸಿ ಬಂತು. ಈಗ ಆರ್‌ಪಿಎಲ್ (ರಿಕ್ರಿಯೇಷನಲ್ ಪೈಲಟ್ ಲೈಸೆನ್ಸ್) ಮಾಡಿಸಿಕೊಳ್ಳಬೇಕೇ, ನೇರವಾಗಿ ಪಿಪಿಎಲ್‌ಗೆ (ಪ್ರೈವೇಟ್ ಪೈಲಟ್ ಲೈಸೆನ್ಸ್) ಹೋಗಬೇಕೇ?

ಬೋಧಕಿ: ಅಭಿನಂದನೆ. ಸರ್ ಅಲ್ಲ, ಮೇಡಂ.

ನೀವು ಯಾಕೆ ಹಾರುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಆರ್‌ಪಿಸಿ ಕೊಡುವುದು ರಿಕ್ರಿಯೇಷನಲ್ ಏವಿಯೇಷನ್ ಆಸ್ಟ್ರೇಲಿಯಾ ಎಂಬ ಸಂಸ್ಥೆ. ನೀವು ಕಲಿತದ್ದು 600 ಕಿಲೋ ಮಿತಿಯ ಎರಡು ಸೀಟಿನ ವಿಮಾನ, ಹಗಲು ಹಾರಾಟ. ಆರ್‌ಪಿಎಲ್ ಕೊಡುವುದು ಸರ್ಕಾರದ ವಿಮಾನಯಾನ ಸುರಕ್ಷತಾ ಸಂಸ್ಥೆ ಕಾಸಾ. ಅದರಲ್ಲಿ 1500 ಕಿಲೋವರೆಗಿನ ವಿಮಾನ ಹಾರಿಸಬಹುದು. ಆರ್‌ಪಿಸಿ ಇದ್ದವರಿಗೆ ಕಾಸಾ ಮಾನ್ಯತೆ ಕೊಡುತ್ತದೆ. ಅರ್ಜಿ, ವೈದ್ಯಕೀಯ ಅರ್ಹತೆ, ಬೋಧಕರೊಂದಿಗೆ ಒಂದು ಫ್ಲೈಟ್ ರಿವ್ಯೂ ಬೇಕು. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದೊಯ್ಯುವ ಆಸೆಯಿದ್ದರೆ ನಾಲ್ಕು ಸೀಟಿನ ವಿಮಾನ ಬೇಕು, ಆಗ ಈ ದಾರಿ ಸರಿ. ಭಾನುವಾರ ಬೆಳಿಗ್ಗೆ ಅದೇ ಎರಡು ಸೀಟಿನಲ್ಲಿ ಒಬ್ಬರೇ ಹಾರುವುದಾದರೆ ಆರ್‌ಪಿಎಲ್‌ನಿಂದ ಬದಲಾಗುವುದು ನಿಮ್ಮ ಜೇಬಿನ ತೂಕ ಮಾತ್ರ.

ಹೆಚ್ಚಿನವರಿಗೆ ನಾನು ಹೇಳುವುದು: ಮೊದಲು ನ್ಯಾವಿಗೇಷನ್ ತರಬೇತಿ ಮುಗಿಸಿ. ಅದಿಲ್ಲದೆ ಹೊರಟ ಜಾಗದಿಂದ 25 ನಾಟಿಕಲ್ ಮೈಲಿ, ಸುಮಾರು 46 ಕಿಲೋಮೀಟರ್, ದಾಟುವಂತಿಲ್ಲ. ಮುಂದೆ ಯಾವ ದಾರಿ ಹಿಡಿದರೂ ಆ ಕಲಿಕೆ ವ್ಯರ್ಥವಾಗುವುದಿಲ್ಲ.

ಬಯಲುಸೀಮೆ: ನಮಸ್ಕಾರ. ಆರ್‌ಪಿಸಿಯ ಗಂಟೆಗಳು ಭಾರತದಲ್ಲಿ ಲೆಕ್ಕಕ್ಕೆ ಬರುತ್ತವೆಯೇ? ಊರಿಗೆ ಮರಳಿ ಏರ್‌ಲೈನ್ ಸೇರುವ ಯೋಚನೆ ಇದೆ.

ಬೋಧಕಿ: ಆರ್‌ಪಿಸಿ ಅಂತರರಾಷ್ಟ್ರೀಯ ಮಾನ್ಯತೆಯ ಪರವಾನಗಿ ಅಲ್ಲ. ಆರ್‌ಪಿಎಲ್ ಕೂಡ ಆಸ್ಟ್ರೇಲಿಯಾದ ಒಳಗಿನದ್ದೇ. ಇವೆರಡನ್ನೂ ತೋರಿಸಿ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯಿಂದ ಪರವಾನಗಿ ಕೇಳಲಾಗದು. ಇಲ್ಲಿ ಸಿಪಿಎಲ್, ಅಂದರೆ ವೃತ್ತಿಪರ ಪೈಲಟ್ ಪರವಾನಗಿ, ಮುಗಿಸಿ, ಅಲ್ಲಿಯ ಪರೀಕ್ಷೆ ಬರೆದು, ಅಲ್ಲಿಯ ವೈದ್ಯಕೀಯ ತಪಾಸಣೆ ಪಾಸಾಗಿ ಬದಲಾಯಿಸಿಕೊಳ್ಳುವ ದಾರಿ ಇದೆ.

ನೇತ್ರಾವತಿ: ಮೇಡಂ, ಮಗನಿಗೆ ಹದಿನಾರು. ಆರ್‌ಪಿಸಿ ಆಗಿದೆ. ಏರ್‌ಲೈನ್ ಪೈಲಟ್ ಆಗಲೇಬೇಕು ಎಂದು ಹಠ. ಇಲ್ಲಿಯೇ ಸಿಪಿಎಲ್ ಮಾಡಿಸಬೇಕೇ, ಬೆಂಗಳೂರಿಗೆ ಕಳಿಸಬೇಕೇ? ಒಂದು ಶಾಲೆಯವರು ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುತ್ತಿದ್ದಾರೆ.

ಬೋಧಕಿ: ಮುಂಗಡ ಕಟ್ಟಬೇಡಿ. ಯಾವ ದೇಶ, ಯಾವ ಶಾಲೆ ಎಂಬುದು ಆಮೇಲಿನ ಮಾತು. ಮೊದಲು ಹುಡುಗನಿಗೆ ವೃತ್ತಿಪರ ಪೈಲಟ್‌ಗಳಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ತಪಾಸಣೆ ಮಾಡಿಸಿ. ಆರ್‌ಪಿಸಿಗೆ ಕಾರು ಓಡಿಸುವಷ್ಟು ಆರೋಗ್ಯವಿದ್ದರೆ ಸಾಕು, ಹಾಗಾಗಿ ಅವನ ಕಣ್ಣು, ಕಿವಿ, ಹೃದಯವನ್ನು ವಿಮಾನಯಾನದ ವೈದ್ಯರು ನೋಡಿರಲಿಕ್ಕಿಲ್ಲ. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಅದು ಲಕ್ಷಾಂತರ ಖರ್ಚಾದ ಮೇಲೆ ಗೊತ್ತಾಗಬಾರದು. ಇಲ್ಲಿ ಪಿಪಿಎಲ್‌ಗೆ ಹದಿನೇಳು, ಸಿಪಿಎಲ್‌ಗೆ ಹದಿನೆಂಟು ತುಂಬಿರಬೇಕು. ಸಮಯವಿದೆ. ಭಾರತದತ್ತ ಕಣ್ಣಿದ್ದರೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬಿಡಿಸಬೇಡಿ.

ಮಲೆನಾಡು ಮಂಜು: ಬಣ್ಣ ದೋಷಕ್ಕೆ ಇದನ್ನು ನೋಡಿ, ನಮ್ಮ ಕುಟುಂಬದ ಗುಂಪಿನಲ್ಲಿ ಬಂದದ್ದು: "ಪ್ರತಿದಿನ ಬೆಳಿಗ್ಗೆ ಕ್ಯಾರೆಟ್ ರಸದಲ್ಲಿ ಜೇನು ಬೆರೆಸಿ 48 ದಿನ ಕುಡಿದರೆ ವರ್ಣಾಂಧತೆ ಮಾಯ. ಪೈಲಟ್ ಆಯ್ಕೆಯಲ್ಲಿ ಪಾಸಾದವರ ಅನುಭವ."

ಬೋಧಕಿ: ಹುಟ್ಟಿನಿಂದ ಬಂದ ವರ್ಣದೋಷ ಕ್ಯಾರೆಟ್‌ನಿಂದ ಹೋಗುವುದಿಲ್ಲ. ಹಲ್ವ ಮಾಡಿಕೊಂಡು ತಿನ್ನಿ.

ಬೆಳಗಾವಿ ಬಾಳು: ಅಕ್ಕ ಯಾಕೆ ಹಾಗೆ ಸಿಡುಕುತ್ತೀರಿ. ನೇತ್ರಾವತಿಯವರೇ, ಬೆಂಗಳೂರಿಗೇ ಕಳಿಸಿ. ಜಕ್ಕೂರಿನ ಸರ್ಕಾರಿ ಶಾಲೆ 1949ರಿಂದ ಇದೆ. ಹೊರದೇಶದಲ್ಲಿ ದುಡ್ಡು ಸುರಿದು ಬಂದವರು ಭಾರತದ ಪರೀಕ್ಷೆಯಲ್ಲಿ ಒದ್ದಾಡುತ್ತಾರೆ.

ಸಿಡ್ನಿ ಶೆಟ್ಟಿ: ಜಕ್ಕೂರಿನ ಸುತ್ತ ಈಗ ಊರೇ ಬೆಳೆದು ನಿಂತಿದೆ. ಇಲ್ಲಿ ಮೈದಾನಗಳಿಗೆ ಬರವಿಲ್ಲ. ಭಾರತದ ಸಿಪಿಎಲ್‌ಗೆ ಬೇಕಾದ 200 ಗಂಟೆ ಹಾರಾಟ ಎಲ್ಲಿ ಬೇಗ ಆಗುತ್ತದೆ ಎಂದು ನೋಡಬೇಕು.

ಬೆಳಗಾವಿ ಬಾಳು: ಬೇಗ ಆಗುವುದೇ ಗುರಿಯಾದರೆ ಅಡುಗೆ ಕಲಿಸಿ, ವಿಮಾನ ಬೇಡ.

ನೇತ್ರಾವತಿ: ದಯವಿಟ್ಟು ನನ್ನ ಪ್ರಶ್ನೆಯಡಿ ಜಗಳ ಬೇಡ. ಮೇಡಂ, ತಪಾಸಣೆಗೆ ಹೆಸರು ಕೊಟ್ಟೆವು.

ಹೊಸಪಯಣಿಗ: ಮೇಡಂ, ನನ್ನದು ಬೇರೆ ರೀತಿಯ ಪ್ರಶ್ನೆ. ನ್ಯಾವಿಗೇಷನ್ ಮತ್ತು ಪ್ರಯಾಣಿಕರನ್ನು ಕರೆದೊಯ್ಯುವ ಎಂಡಾರ್ಸ್‌ಮೆಂಟ್ (ಹೆಚ್ಚುವರಿ ಅನುಮತಿ) ಎರಡೂ ದೀಪಾವಳಿಗೆ ವಾರವಿರುವಾಗ ಮುಗಿಯುತ್ತವೆ. ಊರಿನಿಂದ ಮಾವ ಬಂದಿದ್ದಾರೆ. ಎಚುಕಾದಲ್ಲಿರುವ ನಾದಿನಿಯ ಮನೆಗೆ ಹಬ್ಬಕ್ಕೆ ವಿಮಾನದಲ್ಲೇ ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮೆಲ್ಬೋರ್ನ್ ಬಳಿಯ ಲಿಲಿಡೇಲ್‌ನಿಂದ ಶನಿವಾರ ಹೊರಟು ಭಾನುವಾರ ಸಂಜೆ ವಾಪಸ್, ಸೋಮವಾರ ಕಚೇರಿ ಇದೆ. ವಿಮಾನದ ಖಾಲಿ ತೂಕ 345 ಕಿಲೋ, ನಾನು 86, ಮಾವ 94, ಟ್ಯಾಂಕ್ 100 ಲೀಟರ್. ಬಟ್ಟೆ, ಸಿಹಿ ಸೇರಿ 18 ಕಿಲೋ. ಎಲ್ಲ ಕಾನೂನಿನೊಳಗೆ ಇದೆಯಲ್ಲವೇ?

ಬೋಧಕಿ: ಉಳಿದವರು ಸ್ವಲ್ಪ ಕಾಯಲಿ, ಇದಕ್ಕೆ ವಿವರವಾಗಿ ಬರೆಯಬೇಕು.

ಮೊದಲು ಕೂಡಿಸಿ ನೋಡಿ. ವಿಮಾನ ಮತ್ತು ನೀವಿಬ್ಬರು 525. ಪೆಟ್ರೋಲ್ ಲೀಟರಿಗೆ ಸುಮಾರು 0.72 ಕಿಲೋ, ತುಂಬಿದ ಟ್ಯಾಂಕ್ ಅಂದರೆ 72. ಅಲ್ಲಿಗೆ 597. ಬ್ಯಾಗಿಟ್ಟ ಕೂಡಲೇ 615. ಮಿತಿ 600. ನೀವು ಎಲ್ಲ ಅಂಕಿಗಳನ್ನೂ ಬರೆದಿದ್ದೀರಿ, ಕೂಡಿಸಿಲ್ಲ. ನನಗೆ ಮೊದಲು ಕಾಣಿಸಿದ್ದು ಅದು. ಸೀಟಿನ ಹಿಂದಿನ ಸಾಮಾನಿನ ಜಾಗಕ್ಕೂ ತನ್ನದೇ ಮಿತಿ ಇರುತ್ತದೆ, ತೂಕ ಹಿಂದಕ್ಕೆ ಸರಿದಷ್ಟೂ ವಿಮಾನ ಚಂಚಲವಾಗುತ್ತದೆ. ಕೈಪಿಡಿ ತೆಗೆದು ನೋಡಿ.

ಇಂಧನ ಇಳಿಸಿದರಾಯಿತು ಎನ್ನುತ್ತೀರಿ. ಲೆಕ್ಕಕ್ಕೆ ಅದೂ ಸರಿಯೇ. ಎಚುಕಾ ನೇರ ದಾರಿಯಲ್ಲಿ ಸುಮಾರು 180 ಕಿಲೋಮೀಟರ್, ಒಂದು ಗಂಟೆಯ ಹಾರಾಟ; ಹಗಲಿನ ದೃಶ್ಯ ಹಾರಾಟಕ್ಕೆ ಕೊನೆಯಲ್ಲಿ ಅರ್ಧ ಗಂಟೆಯ ಮೀಸಲು ಉಳಿದಿರಬೇಕು. 60 ಲೀಟರ್ ಹಾಕಿದರೂ ಸಾಕಾಗುತ್ತದೆ. ಆದರೆ ಇಂಧನ ಇಳಿಸಿದಾಗ ಇಳಿಯುವುದು ನಿಮ್ಮ ಆಯ್ಕೆಗಳು: ಸುತ್ತು ಹಾಕುವುದು, ಕಾಯುವುದು, ಹಿಂದಿರುಗುವುದು. ಅವೇ ಬೇಕಾಗುವ ದಾರಿ ಇದು.

ನೀವು ಉತ್ತರಕ್ಕೆ ಹೋಗಲು ಗ್ರೇಟ್ ಡಿವೈಡಿಂಗ್ ಶ್ರೇಣಿ ದಾಟಬೇಕು. ಎಲ್ಲರೂ ಹುಡುಕುವ ತಗ್ಗು ಜಾಗ ಕಿಲ್ಮೋರ್ ಗ್ಯಾಪ್. ಮೆಲ್ಬೋರ್ನ್ ಕಡೆ ಬಿಸಿಲಿದ್ದಾಗಲೂ ಅಲ್ಲಿ ಮೋಡ ಗುಡ್ಡದ ಮೇಲೆ ಕೂತಿರಬಹುದು. ಮೇಲಕ್ಕೆ ಏರೋಣವೆಂದರೆ ಮೆಲ್ಬೋರ್ನ್ ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶ ಮೆಟ್ಟಿಲು ಮೆಟ್ಟಿಲಾಗಿ ತಲೆಯ ಮೇಲಿದೆ. ಅದಕ್ಕೆ ಪ್ರತ್ಯೇಕ ತರಬೇತಿ, ಅನುಮತಿ ಬೇಕು. ಕೆಳಗೆ ಗುಡ್ಡ, ಮೇಲೆ ಆ ಮಿತಿ, ನಡುವಿನ ಕಿಂಡಿಯನ್ನು ಮೋಡ ಮುಚ್ಚುತ್ತ ಬರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಬಂದರೆ ಕಾರನ್ನು ಬದಿಗೆ ಹಾಕಿ ಚಹಾ ಕುಡಿಯಬಹುದು. ಇಲ್ಲಿ ನಿಲ್ಲಿಸಲಾಗದು.

ಮೋಡದೊಳಗೆ ಹೋದರೆ ಏನಾಗುತ್ತದೆ? ಒಳಕಿವಿಯ ಕೊಳವೆಗಳಲ್ಲಿರುವ ದ್ರವ ತಿರುವಿನ ಆರಂಭವನ್ನು ಮಾತ್ರ ಗುರುತಿಸುತ್ತದೆ. ತಿರುವು ಒಂದೇ ವೇಗದಲ್ಲಿ ಮುಂದುವರಿದರೆ ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ನೇರ ಹೋಗುತ್ತಿರುವಂತೆಯೇ ಅನ್ನಿಸುತ್ತದೆ. ನೇರ ಇದ್ದೇನೆ, ಆದರೂ ಎತ್ತರ ಇಳಿಯುತ್ತಿದೆ ಎಂದು ಪೈಲಟ್ ಕಂಟ್ರೋಲ್ ಹಿಂದಕ್ಕೆ ಎಳೆಯುತ್ತಾನೆ, ಸುರುಳಿ ಬಿಗಿಯಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟದ ತರಬೇತಿಯಿಲ್ಲದ ಇಪ್ಪತ್ತು ಮಂದಿಯನ್ನು ಹೊರಗೆ ಕಾಣದ ಸ್ಥಿತಿಯಲ್ಲಿಟ್ಟು ಪರೀಕ್ಷಿಸಿದರು. ಇಪ್ಪತ್ತೂ ಮಂದಿ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡು.

ಇಷ್ಟಾದರೂ ಎಂಡಾರ್ಸ್‌ಮೆಂಟ್ ಕೈಯಲ್ಲಿದ್ದರೆ, ತೂಕ ಸರಿಯಿದ್ದರೆ, ಆಕಾಶ ತಿಳಿಯಾಗಿದ್ದರೆ ಈ ಪ್ರಯಾಣ ಆಗದ್ದೇನಲ್ಲ. ನನ್ನನ್ನು ಕಾಡುವುದು ನಿಮ್ಮ ಉಳಿದ ವಾಕ್ಯಗಳು: ಮಾವನಿಗೆ ಮಾತು ಕೊಟ್ಟಿದ್ದೇನೆ, ಹಬ್ಬ ಆ ದಿನವೇ, ಸೋಮವಾರ ಕಚೇರಿ. ಭಾನುವಾರ ಮಧ್ಯಾಹ್ನ ಎಚುಕಾದಲ್ಲಿ ನಿಂತು ದಕ್ಷಿಣದ ಬೂದು ಆಕಾಶ ನೋಡುವಾಗ ಈ ಮೂರೂ ಸೇರಿ ನಿಮ್ಮನ್ನು ವಿಮಾನಕ್ಕೆ ಹತ್ತಿಸುತ್ತವೆ. ತಡವಾದರೆ ಬೆಳಕಿನ ಅವಸರ ಬೇರೆ, ಕೊನೆಯ ಬೆಳಕಿಗೆ ಹತ್ತು ನಿಮಿಷ ಮುಂಚೆ ಇಳಿಯುವಂತೆ ಯೋಜಿಸಿರಬೇಕು. ನ್ಯಾವಿಗೇಷನ್ ಕಲಿತ ವಾರದಲ್ಲೇ, ಪಕ್ಕದಲ್ಲಿ ಮಾವನನ್ನು ಕೂರಿಸಿಕೊಂಡು "ಇವತ್ತು ಆಗುವುದಿಲ್ಲ, ಹಿಂದಿರುಗುತ್ತೇನೆ" ಎನ್ನಬಲ್ಲಿರಾ? ಆ ದಾರಿಯಲ್ಲಿ ಮೊದಲು ಬೋಧಕರೊಂದಿಗೆ, ಆಮೇಲೆ ಒಬ್ಬರೇ ಹೋಗಿ ಬನ್ನಿ. ಮಾವನನ್ನು ಈ ಹಬ್ಬಕ್ಕೆ ಯಾರಾ ಕಣಿವೆಯ ಮೇಲೆ ಅರ್ಧ ಗಂಟೆ ಸುತ್ತಿಸಿ ಇಳಿಸಿ. ಎಚುಕಾಗೆ ರೈಲಿದೆ.

ಟ್ಯಾಬ್ಲೆಟ್ ಪೈಲಟ್: ಹೆದರಿಸುವುದೇ ಬೋಧಕರ ಕೆಲಸ. ಈಗಿನ ವಿಮಾನಗಳಲ್ಲಿ ಜಿಪಿಎಸ್ ಇದೆ, ಪರದೆಯ ಮೇಲೆ ಕೃತಕ ದಿಗಂತವಿದೆ. 1954ರ ಕಥೆ ಯಾಕೆ?

ಬೋಧಕಿ: ಪರದೆ ವಿಮಾನದಲ್ಲಿದೆ. ಅದನ್ನೊಂದೇ ನಂಬಿ ಹಾರುವ ತರಬೇತಿ ನಿಮ್ಮಲ್ಲಿದೆಯೇ? ನಿಮ್ಮ ಸರ್ಟಿಫಿಕೇಟ್ ಮೋಡಕ್ಕೆ ಅಲ್ಲ.

ಟ್ಯಾಬ್ಲೆಟ್ ಪೈಲಟ್: ನಾನು ಹಾರಿಸಿದ್ದೇನೆ, ಏನೂ ಆಗಿಲ್ಲ.

ಬೋಧಕಿ: ಇದನ್ನು ಬಹಿರಂಗವಾಗಿ ಬರೆದದ್ದು ನಿಮ್ಮ ವಿವೇಕಕ್ಕೆ ಸಾಕ್ಷಿ.

ಮುಂಗಾರು: ನಾಲ್ವರು ಸೇರಿ ಹಳೆಯ ಜಬಿರು ವಿಮಾನ ಕೊಳ್ಳುವ ಮಾತುಕತೆ ನಡೆದಿದೆ. ಪಾಲುದಾರಿಕೆಯ ಕರಾರಿನಲ್ಲಿ ಏನೇನು ಇರಬೇಕು ಮೇಡಂ?

ಸಿಡ್ನಿ ಶೆಟ್ಟಿ: ಜಬಿರು ಎಂಜಿನ್ ಬೇಡವೇ ಬೇಡ. 2014ರ ಕೊನೆಯಲ್ಲಿ ಕಾಸಾ ಅದಕ್ಕೆ ನಿರ್ಬಂಧ ಹಾಕಿತ್ತು. ರೋಟಾಕ್ಸ್ ಎಂಜಿನ್ ಇರುವುದನ್ನು ಹುಡುಕಿ.

ಬಂಡಬರ್ಗ್ ಭಟ್: ಅರ್ಧ ಕಥೆ ಹೇಳಬೇಡಿ. ತಯಾರಕರ ಸೂಚನೆಯಂತೆ ನಿರ್ವಹಣೆ ಮಾಡಿದ ಎಂಜಿನ್‌ಗಳಿಗೆ 2016ರಲ್ಲಿ ಸಡಿಲಿಸಿದರು. ಕಾರ್ಖಾನೆ ನಮ್ಮ ಊರಿನಲ್ಲಿದೆ.

ಸಿಡ್ನಿ ಶೆಟ್ಟಿ: ಕಾರ್ಖಾನೆ ನಿಮ್ಮ ಊರಿನಲ್ಲಿದ್ದರೆ ಎಂಜಿನ್ ಗಟ್ಟಿಯಾಗುತ್ತದೆಯೇ?

ಬಂಡಬರ್ಗ್ ಭಟ್: ರೋಟಾಕ್ಸ್ ಬಿಡಿಭಾಗದ ಬಿಲ್ ಬಂದ ದಿನ ಮಾತನಾಡೋಣ.

ಮುಂಗಾರು: ನಾನು ಕೇಳಿದ್ದು ಕರಾರಿನ ಬಗ್ಗೆ.

ಕರಾವಳಿ ಕನ್ನಡಿಗ: ಆರ್‌ಪಿಸಿ ಗಂಟೆ ಭಾರತದಲ್ಲಿ ನಡೆಯುತ್ತದೆಯೇ ಮೇಡಂ? ಏಜೆಂಟರೊಬ್ಬರು ನಡೆಯುತ್ತದೆ ಎಂದಿದ್ದಾರೆ.

ಬೋಧಕಿ: ಬಯಲುಸೀಮೆಯವರಿಗೆ ಕೊಟ್ಟ ಉತ್ತರ ಓದಿ. ಏಜೆಂಟರಿಗೂ ಓದಿಸಿ.

ಮಲೆನಾಡು ಮಂಜು: ಇದಂತೂ ಉಪಯುಕ್ತ: "ನೆಗಡಿ ಇದ್ದಾಗ ಹಾರಬೇಕಾದರೆ ವಿಳ್ಯದೆಲೆ ಬಿಸಿ ಮಾಡಿ ಕಿವಿಗೆ ಇಡಿ, ಅಜವಾನದ ಹಬೆ ತೆಗೆದುಕೊಳ್ಳಿ, ಕಿವಿ ಕಟ್ಟುವುದಿಲ್ಲ. ವಾಕರಿಕೆ ಬಂದರೆ ಒಂದು ಅವೋಮಿನ್."

ಬೋಧಕಿ: ಇದನ್ನು ಯಾರೂ ಮಾಡಬೇಡಿ. ನೆಗಡಿಯಲ್ಲಿ ಗಂಟಲಿನಿಂದ ನಡುಗಿವಿಗೆ ಹೋಗುವ ನಾಳ ಊದಿಕೊಂಡಿರುತ್ತದೆ. ಏರುವಾಗ ಒಳಗಿನ ಗಾಳಿ ಹೇಗೋ ಹೊರಬರುತ್ತದೆ, ಇಳಿಯುವಾಗ ಒಳಗೆ ಹೋಗುವುದಿಲ್ಲ. ನೋವು ಶುರುವಾಗುವುದು ನೀವು ಲ್ಯಾಂಡಿಂಗ್‌ಗೆ ಗಮನ ಕೊಡಬೇಕಾದ ಹೊತ್ತಿನಲ್ಲಿ, ಕಿವಿಯ ಪರದೆ ಹರಿಯಲೂಬಹುದು. ಹೊರಗೆ ಎಲೆ ಇಟ್ಟರೆ ಒಳಗಿನ ನಾಳ ತೆರೆಯುವುದಿಲ್ಲ. ಅವೋಮಿನ್ ನಿದ್ದೆ ತರಿಸುವ ಔಷಧ. ಪಕ್ಕದ ಸೀಟಿನವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಲಿ, ಪೈಲಟ್ ಮುಟ್ಟಬಾರದು. ನೆಗಡಿಯಾದರೆ ಮನೆಯಲ್ಲಿರಿ. ಮಂಜು ಅವರೇ, ನಿಮ್ಮ ಕುಟುಂಬದ ಗುಂಪನ್ನು ನಿಮ್ಮ ಕುಟುಂಬದಲ್ಲೇ ಇಟ್ಟುಕೊಳ್ಳಿ.

ಮಲೆನಾಡು ಮಂಜು: ನಮ್ಮ ಅಜ್ಜಿಯ ಔಷಧವನ್ನು ಅವಮಾನಿಸಬೇಡಿ.

ಬೋಧಕಿ: ಅಜ್ಜಿ ವಿಮಾನ ಹಾರಿಸಲಿಲ್ಲ.

ಬೆಳಗಾವಿ ಬಾಳು: ಇದು ಅತಿಯಾಯಿತು. ಹಿರಿಯರ ವಿಷಯ ಎತ್ತಬಾರದಿತ್ತು.

ಸಿಡ್ನಿ ಶೆಟ್ಟಿ: ಎತ್ತಿದ್ದು ಅವರಲ್ಲ, ಮಂಜು.

ನಿರ್ವಾಹಕ: ಸಮಾಧಾನ. ಮಂಜು ಅವರ ಎರಡೂ ಫಾರ್ವರ್ಡ್ ತೆಗೆಯುತ್ತಿದ್ದೇನೆ.

ಐವತ್ತೆಂಟರ ಹುಡುಗ: ಮೇಡಂ, ಮುಂದಿನ ವರ್ಷ ನಿವೃತ್ತಿ. ರಕ್ತದೊತ್ತಡಕ್ಕೆ ಮಾತ್ರೆ ಇದೆ. ಆರ್‌ಪಿಎಲ್‌ಗೆ ಹೋದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೇನೆಯೇ?

ಬೋಧಕಿ: ಸಿಕ್ಕಿಬೀಳುವ ಮಾತೇಕೆ, ಹೇಳಿಬಿಡಿ. ಹತೋಟಿಯಲ್ಲಿರುವ ರಕ್ತದೊತ್ತಡದಿಂದಲೇ ಹಾರಾಟ ನಿಲ್ಲುವುದಿಲ್ಲ. 2024ರ ಫೆಬ್ರವರಿಯಿಂದ ಕಾಸಾ ಕ್ಲಾಸ್ 5 ಎಂಬ ಸ್ವಯಂಘೋಷಣೆಯ ವ್ಯವಸ್ಥೆ ತಂದಿದೆ. ಹಾರಾಟಕ್ಕೆ ಮಿತಿಗಳಿವೆ, ಕೆಲವು ಕಾಯಿಲೆ ಇರುವವರಿಗೆ ಅದು ದೊರೆಯುವುದಿಲ್ಲ. ಮಾರ್ಗಸೂಚಿಯೊಂದಿಗೆ ನಿಮ್ಮ ವೈದ್ಯರ ಬಳಿ ಹೋಗಿ. ಮುಚ್ಚಿಟ್ಟು ಹಾರಿದರೆ ವಿಮೆಯೂ ಕೈಕೊಡಬಹುದು.

ಹೊಸ ಸದಸ್ಯ: ಆರ್‌ಪಿಸಿ ಭಾರತದಲ್ಲಿ ಮಾನ್ಯವೇ?

ಬೋಧಕಿ: ಇಲ್ಲ.

ಹೊಸಪಯಣಿಗ: ಮೇಡಂ, ಮಾವನಿಗೆ ಹೇಳಿದೆ. ಸ್ವಲ್ಪ ಬೇಸರವಾಯಿತು, ರೈಲಿಗೆ ಒಪ್ಪಿದ್ದಾರೆ. ನವೆಂಬರ್ ಕೊನೆಯಲ್ಲಿ ಬೋಧಕರೊಂದಿಗೆ ಎಚುಕಾ ಹೋಗಿ ಬರುತ್ತೇನೆ. ಹವಾಮಾನ ಕೆಟ್ಟರೆ ಮುಂದೂಡುತ್ತೇನೆ.

ಬೋಧಕಿ: ಪೂರ್ತಿ ಕೆಡದೆ ಸ್ವಲ್ಪ ಮೋಡವಿರುವ ದಿನವನ್ನೇ ಆರಿಸಿಕೊಳ್ಳಿ. ಬೋಧಕರು ಪಕ್ಕದಲ್ಲಿದ್ದಾಗ ಗ್ಯಾಪ್‌ನ ಬಾಯಿಯವರೆಗೆ ಹೋಗಿ ಹಿಂದಿರುಗುವುದನ್ನು ಕಲಿಯಿರಿ. ಯಾವ ಊರು ದಾಟುವ ಹೊತ್ತಿಗೆ ಯಾವ ಎತ್ತರ ಉಳಿದಿರಬೇಕು, ಇಲ್ಲದಿದ್ದರೆ ತಿರುಗುವುದು ಎಡಕ್ಕೋ ಬಲಕ್ಕೋ ಎಂಬುದನ್ನು ಹೊರಡುವ ಮೊದಲೇ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ತೂಕದ ಹಾಳೆಯನ್ನೂ ತುಂಬಿ ತನ್ನಿ, ಈ ಸಲ ಕೂಡಿಸಿ.

ಮುಂಗಾರು: ಕರಾರಿನ ಬಗ್ಗೆ ಯಾರಾದರೂ?