ಬಿಲ್ ಇಳಿಸೋ ಡಬ್ಬಿ, ಸ್ಟ್ಯಾಂಡ್‌ಬೈ ಕರೆಂಟು: ದಾವಣಗೆರೆ ಬಳಗದಲ್ಲಿ ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ವಿದ್ಯಾನಗರ: ಸರ್, ನಮಸ್ಕಾರ. ಟಿವಿ ರಿಮೋಟ್‌ನಲ್ಲಿ ಆಫ್ ಮಾಡಿದ್ರೆ ಸಾಕಾ, ಸ್ವಿಚ್ಚೂ ಆಫ್ ಮಾಡಬೇಕಾ?

ಎಲೆಕ್ಟ್ರಿಷಿಯನ್: ನಮಸ್ಕಾರ. ರಿಮೋಟ್‌ನಲ್ಲಿ ಆಫ್ ಮಾಡಿದ ಮೇಲೂ ಎಳೆಯೋ ಕರೆಂಟಿಗೆ ಸ್ಟ್ಯಾಂಡ್‌ಬೈ ಅಂತಾರೆ. ಈಚಿನ ಬಹಳಷ್ಟು ಟಿವಿ ಹಾಗೆ ಅರ್ಧ ವ್ಯಾಟ್ ಆಸುಪಾಸು ಎಳೀತವೆ, ಅದರ ಚಿಂತೆ ಬೇಡ. ಬೆಳಿಗ್ಗೆ ಎದ್ದು ಪಕ್ಕದ ಸೆಟ್‌ಟಾಪ್ ಬಾಕ್ಸ್ ಮುಟ್ಟಿ ನೋಡಿ, ರಾತ್ರಿಯೆಲ್ಲ ಆಫ್ ಇದ್ರೂ ಬೆಚ್ಚಗಿರುತ್ತೆ. 10 ವ್ಯಾಟ್ ಅಂತ ಹಿಡಿದ್ರೂ ಹಗಲೂ ರಾತ್ರಿ ಸೇರಿ ವರ್ಷಕ್ಕೆ 87 ಯೂನಿಟ್. ಸ್ವಿಚ್ ಇರೋ ಎಕ್ಸ್‌ಟೆನ್ಶನ್ ಬೋರ್ಡಿಗೆ ಎರಡನ್ನೂ ಹಾಕಿ, ಮಲಗುವಾಗ ಒಂದೇ ಸಲ ಆಫ್ ಮಾಡಿ. ಮರೆಯೋರಿಗೆ, ಟಿವಿ ಆಫ್ ಆದ ಕೂಡ್ಲೇ ಉಳಿದ ಪ್ಲಗ್ ತಾನೇ ಕಡಿಯೋ ಬೋರ್ಡೂ ಸಿಗುತ್ತೆ. ಓಎಲ್‌ಇಡಿ ಟಿವಿಗೆ ಮಾತ್ರ ತಕ್ಷಣ ಕರೆಂಟ್ ಕಡೀಬೇಡಿ, ಆಫ್ ಆದ ಮೇಲೂ ಅದು ಪರದೆ ಸರಿಮಾಡಿಕೊಳ್ತಿರುತ್ತೆ.

ಹರಿಹರ: ಇನ್ವರ್ಟರ್ ಸುಮ್ನೆ ಇದ್ದಾಗ ಎಷ್ಟು ತಿನ್ನುತ್ತೆ ಸರ್?

ನಿಟ್ಟುವಳ್ಳಿ: ಮೊಬೈಲ್ ಚಾರ್ಜರ್ ಸಾಕೆಟ್‌ನಲ್ಲೇ ಬಿಟ್ರೆ?

ಎಲೆಕ್ಟ್ರಿಷಿಯನ್: ಲೆಕ್ಕಕ್ಕೆ ಬರಲ್ಲ.

ಪಿ.ಜೆ. ಬಡಾವಣೆ: ಅಣ್ಣಾ, ವಿಡಿಯೊ ನೋಡಿ ಪವರ್ ಸೇವರ್ ಡಬ್ಬಿ ತಂದ್ವಿ. ಸಾಕೆಟ್‌ಗೆ ಚುಚ್ಚಿದ್ರೆ ಮನೆಯ ಸ್ಟ್ಯಾಂಡ್‌ಬೈ ಎಲ್ಲಾ ನಿಂತು ಬಿಲ್ ಅರ್ಧ ಆಗುತ್ತಂತೆ. ಮೂರು ತಿಂಗಳಾಯ್ತು, ಬಿಲ್ ಹಾಗೇ ಐತೆ. ಒಂದು ವಾರದಿಂದ ಆ ಗೋಡೆ ಹತ್ರ ಮೀನು ವಾಸನೆ, ನಾವು ಮೀನು ತಿನ್ನೋರೇ ಅಲ್ಲ. ಸಾಕೆಟ್ ಬಾಯಿ ಕಂದು ಆಗೈತೆ. ಅಜ್ಜಿ ಮಂಚ ಅಲ್ಲೇ.

ಎಲೆಕ್ಟ್ರಿಷಿಯನ್: ಮೊದಲು ಎದ್ದು ಮೈನ್ ಆಫ್ ಮಾಡಿ, ಉಳಿದದ್ದು ಆಮೇಲೆ ಓದಿ. ಡಬ್ಬಿ ಕಿತ್ತ ಮೇಲೆ ಅದರ ಪಿನ್ ಮುಟ್ಟಬೇಡಿ, ಒಳಗೆ ಚಾರ್ಜ್ ಉಳಿದಿರಬಹುದು. ಮಂಚ ಸರಿಸಿ.

ಸಾಕೆಟ್ ಪ್ಲಾಸ್ಟಿಕ್ ಕಾದಾಗ ಬರೋ ವಾಸನೆ ಅದು. ಎಂಸಿಬಿ (ಕರೆಂಟ್ ಹೆಚ್ಚಾದ್ರೆ ತಾನೇ ಬೀಳೋ ಸ್ವಿಚ್) ಬೀಳಲಿಲ್ಲ ಅಂತ ಧೈರ್ಯ ಬೇಡ. ಲೂಸ್ ಕಾಂಟ್ಯಾಕ್ಟ್‌ನಲ್ಲಿ ಕರೆಂಟ್ ಹೆಚ್ಚು ಹರಿಯಲ್ಲ, ಆ ಜಾಗ ಮಾತ್ರ ಕಾಯ್ತಾ ಹೋಗುತ್ತೆ, ಎಂಸಿಬಿಗೆ ಗೊತ್ತೇ ಆಗಲ್ಲ.

ಇಂಥ ಡಬ್ಬಿ ಬಿಚ್ಚಿ ನೋಡಿದೀನಿ. ಒಂದು ಕೆಪಾಸಿಟರ್, ಒಂದು ಹಸಿರು ದೀಪ, ಒಂದೆರಡು ರೆಸಿಸ್ಟರ್, ಅಷ್ಟೇ. ದೊಡ್ಡ ಮೋಟರ್ ಓಡಿಸೋ ಕಾರ್ಖಾನೆಗೆ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಕೆಟ್ಟರೆ ದಂಡ ಬೀಳುತ್ತೆ, ಅದನ್ನ ಸರಿಮಾಡೋಕೆ ಅಲ್ಲಿ ಕೆಪಾಸಿಟರ್ ಬೇಕು. ಮನೆ ಬಿಲ್ ಬರೋದು ನಿಜವಾಗಿ ಉರಿಸಿದ ಯೂನಿಟ್ ಮೇಲೆ. ಇನ್ನೊಂದು ಯೋಚನೆ ಮಾಡಿ: ರೂಮಿನ ಸಾಕೆಟ್‌ನಲ್ಲಿ ಕೂತ ಡಬ್ಬಿ ಹಾಲ್‌ನಲ್ಲಿರೋ ಟಿವಿಯನ್ನ ಹೇಗೆ ಆಫ್ ಮಾಡುತ್ತೆ? ಸ್ಟ್ಯಾಂಡ್‌ಬೈ ನಿಲ್ಲಬೇಕಂದ್ರೆ ಆ ಟಿವಿಗೆ ಹೋಗೋ ದಾರೀನೇ ಕಡೀಬೇಕು. ಅದೇ ಸಾಕೆಟ್‌ಗೆ ಬೇರೆ ಏನು ಹಾಕ್ತಿದ್ರಿ?

ಚಾಮರಾಜಪೇಟೆ: ನಮ್ಮನೇಲಿ ಅದೇ ಡಬ್ಬಿಯಿಂದ ಬಿಲ್ ಇಳಿದೈತೆ.

ವಿದ್ಯಾನಗರ: ಬೇಸಿಗೆ ಮುಗಿದು ಕೂಲರ್ ನಿಲ್ಲಿಸಿದ್ದಕ್ಕೆ ಇಳಿದಿರುತ್ತೆ.

ಚಾಮರಾಜಪೇಟೆ: ನಮ್ಮನೆ ಕೂಲರ್ ಲೆಕ್ಕ ನಿಮಗ್ಯಾಕ್ರೀ? ಅಷ್ಟಕ್ಕೂ ಗೃಹಜ್ಯೋತಿ ಇರುವಾಗ ಈ ಉಳಿತಾಯ ಯಾರಿಗೆ ಬೇಕು?

ನಿಟ್ಟುವಳ್ಳಿ: 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಹೋದ ತಿಂಗಳು ನಮ್ಮದು 204 ಬಂತು. ಆ ಸೆಟ್‌ಟಾಪ್ ಬಾಕ್ಸ್ ಒಂದೇ ತಿಂಗಳಿಗೆ 7 ಯೂನಿಟ್, ಲೆಕ್ಕ ಹಾಕಿ.

ಹರಿಹರ: ಇನ್ವರ್ಟರ್ ಬಗ್ಗೆ ಎರಡನೇ ಸಲ ಕೇಳ್ತಿದೀನಿ.

ಹಳೇಪೇಟೆ: ಫಾರ್ವರ್ಡ್ ಬಂದಿದ್ದು: ಮೀಟರ್ ಮೇಲೆ ಮ್ಯಾಗ್ನೆಟ್ ಇಟ್ರೆ ನಿಧಾನ ಆಗುತ್ತಂತೆ, ನಿಜವಾ?

ಎಲೆಕ್ಟ್ರಿಷಿಯನ್: ಅದು ಕಳ್ಳತನ. 2003ರ ವಿದ್ಯುತ್ ಕಾಯ್ದೆ, 135ನೇ ಕಲಂ, ಜೈಲೂ ಇದೆ. ಇಂಥದ್ದನ್ನ ಇನ್ನೊಂದು ಸಲ ಇಲ್ಲಿ ಹಾಕಬೇಡಿ.

ಬಾತಿ: ಸರ್, ಟಿವಿ ರಿಮೋಟ್‌ನಲ್ಲಿ ಆಫ್ ಮಾಡಿದ್ರೆ ಸಾಕಾ?

ಎಲೆಕ್ಟ್ರಿಷಿಯನ್: ಮೇಲೆ ಓದಿ.

ಚಾಮರಾಜಪೇಟೆ: ಗೌರವ ಕೊಟ್ಟು ಮಾತಾಡಿ, ಕೇಳಿದ್ದಕ್ಕೆ ಹೀಗಾ ಉತ್ತರ?

ಎಲೆಕ್ಟ್ರಿಷಿಯನ್: ಅಲ್ಲಿ ಅಜ್ಜಿ ತಲೆ ಹತ್ರ ಸಾಕೆಟ್ ಸುಡ್ತಿದೆ. ನೀವು ಡಬ್ಬಿ ಹೊಗಳ್ತಾ ಕೂತಿದೀರಿ. ಪಿ.ಜೆ. ಬಡಾವಣೆಯವರೇ, ಮೈನ್ ಆಫ್ ಮಾಡಿದ್ರಾ?

ಪಿ.ಜೆ. ಬಡಾವಣೆ: ಮಾಡಿದ್ವಿ ಅಣ್ಣಾ. ಡಬ್ಬಿ ಕಿತ್ವಿ, ಬೆನ್ನು ಉಬ್ಬೈತೆ. ಅದೇ ಸಾಕೆಟ್‌ಗೆ ಅಜ್ಜಿ ಸ್ನಾನಕ್ಕೆ ವಾಟರ್ ಹೀಟರ್ ಕಾಯಿಲೂ ಹಾಕ್ತಿದ್ವಿ. ಅಜ್ಜೀನ ಹಾಲ್‌ಗೆ ಮಲಗಿಸಿದೀವಿ.

ಎಲೆಕ್ಟ್ರಿಷಿಯನ್: 6 ಆಂಪ್‌ನ ಸಣ್ಣ ಸಾಕೆಟ್‌ಗೆ ಅಷ್ಟು ಕರೆಂಟ್ ಎಳೆಯೋ ಕಾಯಿಲ್! ಅದಕ್ಕೇ ಬಾಯಿ ಸಡಿಲ ಆಗಿರೋದು. ಒಳಗಿನ ವೈರೂ ಕಪ್ಪಾಗಿರುತ್ತೆ. ಲೈಸೆನ್ಸ್ ಇರೋರನ್ನ ಕರೆದು ಸಾಕೆಟ್, ವೈರ್ ಎರಡೂ ಬದಲಿಸಿ. ಅಲ್ಲೀತನಕ ಆ ಲೈನಿನ ಎಂಸಿಬಿ ಆಫ್ ಇರಲಿ.